ಹಳೆಯ ಗಾಜಿನ ಯುಟಿಲಿಟಿಯ ಸುತ್ತ ಇಟ್ಟಿಗೆಯ ಕೋಣೆ ಕಟ್ಟಿದ ನನ್ನ ಅನುಭವ

ಇಂಗ್ಲೆಂಡಿನ ಬೆಡ್‌ಫರ್ಡ್‌ನಲ್ಲಿರುವ ನಮ್ಮ ಮನೆಯ ಹಿಂಬದಿಯ ಯುಟಿಲಿಟಿಯನ್ನು ಮೊದಲು ಕೆಡವುವುದಿಲ್ಲ, ಒಳಗೆ ವಾಷಿಂಗ್ ಮೆಷಿನ್ ಓಡುತ್ತಿರುವಾಗಲೇ ಹೊರಗಿನಿಂದ ಗೋಡೆ ಎಬ್ಬಿಸಿ, ಹೊಸ ಚಾವಣಿ ಹೊದಿಸಿದ ಮೇಲೆ ಹಳೆಯದನ್ನು ಬಿಚ್ಚುತ್ತೇನೆ ಎಂದಾಗ ಬೆಲೆ ಹೇಳಲು ಬಂದ ಮೂವರು ಗುತ್ತಿಗೆದಾರರೂ ಅದು ಆಗದ ಮಾತು ಎಂದರು. ಅವರು ಕೇಳಿದ್ದು 29 ಸಾವಿರದಿಂದ 36 ಸಾವಿರ ಪೌಂಡ್. ಜೊತೆಗೆ ಹತ್ತು ವಾರ ಒಗೆಯಲು ಜಾಗವಿಲ್ಲ. ಇಬ್ಬರು ಚಿಕ್ಕ ಮಕ್ಕಳಿರುವ ಮನೆಗೆ ಅದು ಹೊಂದುವ ಲೆಕ್ಕವಾಗಿರಲಿಲ್ಲ. ದಾವಣಗೆರೆಯಲ್ಲಿ ಹದಿನಾಲ್ಕು ವರ್ಷ ಕಟ್ಟಡದ ಕೆಲಸ ಮಾಡಿಸಿದವನಾದ್ದರಿಂದ ಕರಣೆಯನ್ನು ನಾನೇ ಕೈಗೆತ್ತಿಕೊಂಡೆ.

ಹಳೆಯದು ಗೋಡೆಯಿಂದ ಎರಡು ಮೀಟರ್ ಹೊರಚಾಚಿದ್ದ, ಮೊಣಕಾಲೆತ್ತರದ ಗೋಡೆಯ ಮೇಲೆ ಗಾಜು, ಅದರ ಮೇಲೆ ಪಾಲಿಕಾರ್ಬೊನೇಟ್ ಹಾಳೆಯಿದ್ದ ಕೋಣೆ. ಚಳಿಗಾಲದ ಬೆಳಿಗ್ಗೆ ಒಳಗೆ 3–4 ಡಿಗ್ರಿ. ಹಾಳೆಯ ಒಳಮೈಯಿಂದ ಹನಿಯುವ ನೀರು ಒಗೆದ ಬಟ್ಟೆಯ ಮೇಲೆಯೇ ಬೀಳುತ್ತಿತ್ತು. ನಮ್ಮದು ಒಂದು ಬದಿಯಲ್ಲಿ ನೆರೆಮನೆಗೆ ಅಂಟಿಕೊಂಡ ಜೋಡಿ ಮನೆಯಾದ್ದರಿಂದ ಪ್ರತ್ಯೇಕ ಯೋಜನಾ ಅನುಮತಿಯಿಲ್ಲದೆ ಹಿಂದಕ್ಕೆ 3 ಮೀಟರ್‌ವರೆಗೆ ಕಟ್ಟಬಹುದಿತ್ತು, ನಾನು 2.9ಕ್ಕೆ ನಿಲ್ಲಿಸಿದೆ. ಹಳೆಯ ಗೋಡೆಗೂ ಹೊಸ ಗೋಡೆಯ ಒಳಮೈಗೂ ನಡುವೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಜಾಗ ಉಳಿಯಿತು. ಇಡೀ ಉಪಾಯ ನಿಂತಿದ್ದು ಆ ಅರ್ಧ ಮೀಟರಿನ ಮೇಲೆ. ನೆರೆಮನೆಯ ತಳಪಾಯದಿಂದ 3 ಮೀಟರ್ ಒಳಗೆ ಅದಕ್ಕಿಂತ ಆಳವಾಗಿ ಅಗೆಯುತ್ತಿದ್ದುದರಿಂದ ನೆರೆಮನೆಗೆ ತಾಗುವ ಗೋಡೆ, ಅಗೆತಗಳ ಬಗೆಗಿನ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಒಂದು ತಿಂಗಳ ಮೊದಲೇ ನೋಟಿಸ್ ಕೊಟ್ಟೆ. ನೆರೆಯವರು ಅದೇ ವಾರ ಸಹಿ ಹಾಕಿದರು.

ಒಂದು ಮೀಟರ್ ಆಳಕ್ಕೆಂದು ಲೆಕ್ಕ ಹಾಕಿದ್ದ ತಳಪಾಯವನ್ನು, ಬೇಲಿಯಾಚೆಯ, ನೀರು ಹೀರುವ ವಿಲೋ ಮರವನ್ನೂ ಒಣಗಿದರೆ ಕುಗ್ಗುವ ಇಲ್ಲಿನ ಜೇಡಿಮಣ್ಣನ್ನೂ ನೋಡಿದ ಕಟ್ಟಡ ತಪಾಸಣೆಯ ಇನ್‌ಸ್ಪೆಕ್ಟರ್ ಒಂದೂವರೆ ಮೀಟರಿಗೆ ಇಳಿಸಿದರು. ಕಾಂಕ್ರೀಟಿಗೇ ಸುಮಾರು 400 ಪೌಂಡ್ ಹೆಚ್ಚಾಯಿತು. ತಳಪಾಯದ ಇಡೀ ಕಾಲುವೆಯನ್ನು ಒಮ್ಮೆಗೇ ತೋಡಿದ್ದು ನನ್ನ ಮೊದಲ ತಪ್ಪು. ಎರಡನೆಯ ರಾತ್ರಿ ಮಳೆ ಸುರಿದು ಒಂದು ಬದಿ ಜರಿಯಿತು. ಹಳೆಯ ಗಿಡ್ಡ ಗೋಡೆ ಬೆರಳಗಲ ವಾಲಿ ಒಂದು ಗಾಜು ಸೀಳಿತು. ಮಣ್ಣನ್ನು ಮತ್ತೆ ತುಂಬಿಸಿ, ಮೀಟರಿನಷ್ಟು ಉದ್ದದ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ, ಆಯಾ ತುಂಡಿಗೆ ಕಾಂಕ್ರೀಟ್ ಹಾಕಿ ಗಟ್ಟಿಯಾದ ಮೇಲೆಯೇ ಪಕ್ಕದ ತುಂಡಿಗೆ ಕೈಹಾಕಿದೆ. ಮೂರು ವಾರ ಹಿಡಿಯಿತು, ಆದರೆ ಗೋಡೆ ಮತ್ತೆ ಕದಲಲಿಲ್ಲ.

ನನಗೆ ಹೆಚ್ಚು ನೋವು ಕೊಟ್ಟದ್ದು ಮಾರ್ಚ್ ತಿಂಗಳ ಸೋಲು. ನಮ್ಮೂರಿನಲ್ಲಿ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಸದೆ ಮೇಸ್ತ್ರಿ ಕೆಲಸ ಶುರು ಮಾಡುವುದಿಲ್ಲ, ಕಟ್ಟಿದ ಗೋಡೆಗೆ ದಿನಕ್ಕೆರಡು ಬಾರಿ ನೀರು ಹೊಡೆಯದಿದ್ದರೆ ಬೈಗುಳ. ಈ ಭಾಗದ ಜೇಡಿಮಣ್ಣಿನಿಂದ ಹಿಂದೆ ಮಾಡುತ್ತಿದ್ದ ಫ್ಲೆಟನ್ ಇಟ್ಟಿಗೆಯೂ ನೀರನ್ನು ಚೆನ್ನಾಗಿ ಹೀರುವಂಥದ್ದೇ. ಹಾಗಾಗಿ ಅಭ್ಯಾಸಬಲದಿಂದ ನೆನೆಸಿ ನಾಲ್ಕು ವರಸೆ ಇಟ್ಟೆ. ಆ ರಾತ್ರಿ ಮೈನಸ್ 3 ಆಯಿತು. ಬೆಳಿಗ್ಗೆ ಬೆರಳಿಂದ ಒತ್ತಿದರೆ ಗಾರೆ ರವೆಯಂತೆ ಉದುರಿತು. ಸುಮಾರು 140 ಇಟ್ಟಿಗೆ ಬಿಚ್ಚಿ, ಒಂದೊಂದನ್ನೂ ಕೆರೆದು, ಗ್ಯಾರೇಜಿನಲ್ಲಿ ಒಣಗಿಸಿದೆ. ಅಲ್ಲಿಂದ ಮುಂದೆ ಒಣ ಇಟ್ಟಿಗೆ, ಸಂಜೆ ಮೂರಕ್ಕೇ ಕೆಲಸ ಬಂದ್, ಮೇಲೆ ಗೋಣಿಪಟ್ಟೆ.

ಮನೆ 1960ರ ದಶಕದ್ದು. ಅದರ ನಾಲ್ಕು ವರಸೆಗೆ 12 ಇಂಚು, ಎಂದರೆ 305 ಮಿಲಿಮೀಟರ್. ಇಂದಿನ ಇಟ್ಟಿಗೆಯ ನಾಲ್ಕು ವರಸೆ ಸರಿಯಾಗಿ 300. ಇಪ್ಪತ್ತೆಂಟು ವರಸೆ ಏರುವಷ್ಟರಲ್ಲಿ 35 ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ, ಹಳೆಯ ಗೋಡೆಗೆ ಸೇರುವ ಮೂಲೆಯಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಆ ಐದೈದು ಮಿಲಿಮೀಟರನ್ನು ಸಂದುಗಳಲ್ಲಿ ಸಮನಾಗಿ ಹಂಚಲು ಮರದ ತುಂಡಿನಿಂದ ನಾನು ಮಾಡಿಕೊಂಡ ಸಣ್ಣ ಸಾಧನದ ವಿವರವನ್ನು ಇಲ್ಲಿ ಕೊಡುವುದಿಲ್ಲ. ಆದರೆ ವರಸೆಗಳು ಎಲ್ಲಿ ಸೇರಿವೆ ಎಂದು ಇಲ್ಲಿಯವರೆಗೆ ಯಾರೂ ತೋರಿಸಿಲ್ಲ.

ಬಣ್ಣ ಹೊಂದಿಸಲು ಒಡೆದ ಇಟ್ಟಿಗೆಗಳ ಮೇಲೆ ಮೂರು ಪ್ರಯೋಗ ಮಾಡಿದೆ. ಮೊಸರು ಬಳಿದರೆ ಪಾಚಿ ಹಿಡಿದು ಹಳತಾಗಿ ಕಾಣುತ್ತದೆ ಎನ್ನುತ್ತಾರೆ. ನೆರಳಿನ ಬದಿಯಲ್ಲಿ ಹಸಿರು ಬಂದದ್ದು ನಿಜ, ಬಿಸಿಲಿನ ಬದಿಯಲ್ಲಿ ಏನೂ ಆಗಲಿಲ್ಲ. ಕಡುಚಹಾದ ಬಣ್ಣ ಎರಡು ಮಳೆಗೆ ಹೋಯಿತು. ಮಸಿ ಬೆರೆಸಿದ ನೀರು ಮಾತ್ರ ನಿಂತಿತು. ಎಷ್ಟು ಮಸಿಗೆ ಎಷ್ಟು ನೀರು, ಅದರೊಂದಿಗೆ ಇನ್ನೇನು ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಚಾವಣಿಯ ಹಂತದಲ್ಲಿ ದುಡ್ಡು ಉಳಿಸಲು ಹೋಗಿ ಕೆಟ್ಟೆ. ಮನೆಯ ಹಳೆಯ ಗೋಡೆಯ ಎರಡು ಪದರಗಳ ನಡುವಿನ ಟೊಳ್ಳಿನಲ್ಲಿ (ಕ್ಯಾವಿಟಿ) ಇಳಿಯುವ ನೀರನ್ನು ಹೊರಕ್ಕೆ ತಿರುಗಿಸುವ ಕ್ಯಾವಿಟಿ ಟ್ರೇ ಕೂರಿಸದೆ ಸೀಸದ ಹಾಳೆಯನ್ನಷ್ಟೇ ಸಿಕ್ಕಿಸಿದ್ದೆ. ನವೆಂಬರಿನ ಪಡುವಣ ಮಳೆಗೆ ಮೇಲಂತಸ್ತಿನ ಹೊರಪದರ ನೆನೆದು, ನೀರು ಕ್ಯಾವಿಟಿಯಲ್ಲಿ ಇಳಿದು, ಹಿಂದೆ ಹೊರಗೋಡೆಯಾಗಿದ್ದು ಈಗ ಒಳಗೋಡೆಯಾದ ಭಾಗದಲ್ಲಿ ತಟ್ಟೆಯಗಲದ ಕಲೆಯಾಗಿ ಮೂಡಿತು. ಮೂರು ಮೂರು ಇಟ್ಟಿಗೆ ತೆಗೆದು, ಟ್ರೇ ತೂರಿಸಿ, ಮತ್ತೆ ಕಟ್ಟಿ, ಗಾರೆ ಬಲಿತ ಮೇಲೆ ಮುಂದಿನ ಮೂರು; ಹನ್ನೊಂದು ದಿನ ಹೋಯಿತು, 600 ಪೌಂಡ್ ಕೈಬಿಟ್ಟಿತು. ಮೊದಲೇ ಮಾಡಿದ್ದರೆ 150ರಲ್ಲಿ ಮುಗಿಯುತ್ತಿತ್ತು.

ಹಳೆಯ ಚೌಕಟ್ಟನ್ನು ಎರಡು ದಿನದಲ್ಲಿ ಬಿಚ್ಚಿ, ಗಾಜುಗಳನ್ನು ಒಂದೊಂದಾಗಿ ಹೊಸ ಬಾಗಿಲಿನಿಂದ ಸಾಗಿಸಿ, ಗಿಡ್ಡ ಗೋಡೆ ಒಡೆದು, ನೆಲಕ್ಕೆ ತೇವ ತಡೆಯುವ ಹಾಳೆ, ನಿರೋಧಕ ಹಲಗೆ, ಕಾಂಕ್ರೀಟ್ ಹಾಕಿದೆವು. ಒಗೆತ ನಿಂತದ್ದು ಒಟ್ಟು ಒಂಬತ್ತು ದಿನ. ಗುತ್ತಿಗೆದಾರರು ಹೇಳಿದ್ದು ಹತ್ತು ವಾರ. ವಿದ್ಯುತ್ ಕೆಲಸವನ್ನು ನೋಂದಾಯಿತ ಎಲೆಕ್ಟ್ರಿಷಿಯನ್‌ಗೆ ಬಿಟ್ಟದ್ದೂ ಸೇರಿ ಒಟ್ಟು ಖರ್ಚು ಹದಿನೇಳೂವರೆ ಸಾವಿರದ ಆಸುಪಾಸು. ಅದರಲ್ಲಿ ಇಟ್ಟಿಗೆ ಸುಮಾರು 1,150, ಬೆಲೆ ಸಾವಿರ ಪೌಂಡಿಗೆ ತುಸು ಮೇಲೆ. ಬೆಲೆ ಹೇಳಿದ್ದವರಲ್ಲಿ ಒಬ್ಬರು ಕಳೆದ ತಿಂಗಳು ಬಂದು, ಮೂಲೆಯ ವರಸೆಗಳನ್ನು ಬಹಳ ಹೊತ್ತು ನೋಡಿ, ಕಾಲುವೆಯನ್ನು ತುಂಡುತುಂಡಾಗಿ ತೋಡಿದ ಕ್ರಮವನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು.

ಈ ಜನವರಿಯಲ್ಲಿ ಹೊರಗೆ ಮೈನಸ್ 5 ಇದ್ದ ಬೆಳಿಗ್ಗೆ ಒಳಗೆ 15 ಡಿಗ್ರಿ ಇತ್ತು. ಉತ್ತರದ ಬದಿಯಲ್ಲಿ ಎರಡು ಮೀಟರಿನಷ್ಟು ಸಂದು ತುಂಬುವ ಕೆಲಸ ಬಾಕಿಯಿದೆ. ಹಿಮ ಬೀಳುವ ರಾತ್ರಿಗಳು ಮುಗಿಯಲೆಂದು ಏಪ್ರಿಲ್‌ವರೆಗೆ ಕಾದಿದ್ದೇನೆ.