ರಾತ್ರಿಯಿಡೀ ಎಚ್ಚರವಿದ್ದ 48 ಕಂಪ್ಯೂಟರ್‌ಗಳನ್ನು ಮಲಗಿಸಿದ್ದು

ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ 48 ಕಂಪ್ಯೂಟರ್. ಉಸ್ತುವಾರಿ ನನ್ನದು. ನೆಟ್ ಹೋದರೂ ನನ್ನನ್ನೇ ಕರೆಯುತ್ತಾರೆ, ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೂ ನನ್ನನ್ನೇ. ಪ್ರಿನ್ಸಿಪಾಲರು ಕರೆಂಟ್ ಬಿಲ್ ಹಿಡಿದುಕೊಂಡು ಕರೆಸಿದಾಗ ಮಾತ್ರ, "ಸರ್, ಇದು ಎಲೆಕ್ಟ್ರಿಷಿಯನ್ ಕೆಲಸ ಅಲ್ವಾ?" ಅಂದೆ. ಅವರು ಬಿಲ್ ಮಡಚಿಟ್ಟು, "ನಿನ್ನೆ ರಾತ್ರಿ ಎಂಟೂವರೆಗೆ ಲ್ಯಾಬ್ ಮುಂದೆ ಹಾದುಹೋದೆ ಕಣ್ರೀ. ಒಳಗೆ ಒಂದು ನರಪಿಳ್ಳೆ ಇಲ್ಲ, ಜಾತ್ರೆ ಥರ ಬೆಳಕು" ಅಂದರು. ಅದಕ್ಕೆ ಉತ್ತರ ಇರಲಿಲ್ಲ.

ಮೊದಲು ಅಳೆದು ನೋಡಿದೆ. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ತಂದು ಒಂದು ಸಿಸ್ಟಮ್‌ಗೆ ಹಾಕಿದರೆ, ಯಾರೂ ಮುಟ್ಟದೆ ಸುಮ್ಮನೆ ಕೂತಿರುವಾಗಲೂ ಮಾನಿಟರ್ ಸೇರಿ 60 ವ್ಯಾಟ್ ಆಸುಪಾಸು. ಸ್ಲೀಪ್‌ಗೆ ಹೋದರೆ 2–3 ವ್ಯಾಟ್. 48ಕ್ಕೆ ಲೆಕ್ಕ ಹಾಕಿ: ಗಂಟೆಗೆ 2.9 ಯೂನಿಟ್, ಸಂಜೆ ಆರರಿಂದ ಬೆಳಗ್ಗೆ ಒಂಬತ್ತರವರೆಗೆ ಸುಮಾರು 43 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ 200 ಯೂನಿಟ್ ಮಿತಿ. ನಮ್ಮ ಲ್ಯಾಬ್ ಅದನ್ನು ಐದೇ ರಾತ್ರಿಯಲ್ಲಿ, ಯಾರಿಗೂ ಉಪಯೋಗವಿಲ್ಲದೆ, ಸುಟ್ಟು ಮುಗಿಸುತ್ತಿತ್ತು. ಭಾನುವಾರದ್ದು ಬೇರೆ.

"ಮಕ್ಕಳಿಗೆ ಆಫ್ ಮಾಡಿ ಹೋಗೋಕೆ ಹೇಳಿ" ಎನ್ನುವುದು ಎಲ್ಲರೂ ಕೊಡುವ ಸಲಹೆ. ಹೇಳಿದ್ದೇವೆ, ಗೋಡೆಗೆ ಬರೆದು ಅಂಟಿಸಿಯೂ ಇದ್ದೇವೆ. ಬೆಲ್ ಹೊಡೆದ ಮೇಲೆ ಬಸ್ಸಿಗೆ ಓಡುವವರು ಗೋಡೆ ಓದುವುದಿಲ್ಲ.

ಹಾಗಾಗಿ ಒಂದು ಶನಿವಾರ ಮಧ್ಯಾಹ್ನ ಕೂತು 48 ಸಿಸ್ಟಮ್‌ಗೂ ಕೈಯಾರೆ ಸೆಟ್ಟಿಂಗ್ ಹಾಕಿದೆ: 10 ನಿಮಿಷಕ್ಕೆ ಸ್ಕ್ರೀನ್ ಆಫ್, 30 ನಿಮಿಷಕ್ಕೆ ಸ್ಲೀಪ್. ಬುಧವಾರದ ಹೊತ್ತಿಗೆ ಅರ್ಧದಷ್ಟು ಮತ್ತೆ 'ನೆವರ್'. ಯಾರೋ ಒಬ್ಬ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದವನು, ಮಧ್ಯೆ ನಿಲ್ಲದಿರಲಿ ಅಂತ ಬದಲಾಯಿಸಿಕೊಂಡಿರುತ್ತಾನೆ. ಅವನದು ಸಾಮಾನ್ಯ ಸ್ಟೂಡೆಂಟ್ ಲಾಗಿನ್, ಅಡ್ಮಿನ್ ಹಕ್ಕಿಲ್ಲ. ಆದರೂ ಅವನು ಒತ್ತಿದ್ದು ಆ ಕಂಪ್ಯೂಟರ್‌ಗೆ ಮುಂದೆ ಲಾಗಿನ್ ಆಗುವ ಎಲ್ಲರಿಗೂ ಅನ್ವಯವಾಗುತ್ತಿತ್ತು.

ಇಲ್ಲೇ ನಾನು ಬಹಳ ದಿನ ತಪ್ಪು ತಿಳಿದಿದ್ದು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಪವರ್ ಸೆಟ್ಟಿಂಗ್ ಬಳಕೆದಾರನ ಪ್ರೊಫೈಲ್‌ನಲ್ಲಿ ಕೂರುತ್ತಿತ್ತು, ಒಬ್ಬೊಬ್ಬರಿಗೂ ಬೇರೆ ಬೇರೆ. 2007ರಲ್ಲಿ ಬಂದ ವಿಸ್ಟಾದಿಂದ ಪವರ್ ಪ್ಲಾನ್ (ಈ ಸೆಟ್ಟಿಂಗ್‌ಗಳ ಕಟ್ಟು) ಎನ್ನುವುದು ಯಂತ್ರದ ಆಸ್ತಿ. ಎಲ್ಲ ಬಳಕೆದಾರರಿಗೂ ಒಂದೇ ಹಂಚಿಕೆ, ಆದರೆ ಸಮಯ ಬದಲಾಯಿಸುವ ಕೈ ಮಾತ್ರ ಎಲ್ಲರಿಗೂ ಬಿಟ್ಟಿದ್ದು. ಊರಿಗೆಲ್ಲ ಒಂದೇ ನಲ್ಲಿ, ತಿರುಗಿಸಲು ಯಾರು ಬೇಕಾದರೂ ಬರಬಹುದು. ಒಬ್ಬೊಬ್ಬ ಬಳಕೆದಾರನ ಖಾತೆಗೂ ಹೋಗಿ ಸರಿಪಡಿಸುವ ಅಗತ್ಯವೇ ಇರಲಿಲ್ಲ, ನಲ್ಲಿಗೆ ಬೀಗ ಹಾಕಿದರೆ ಸಾಕಿತ್ತು. (ಸ್ಕ್ರೀನ್ ಸೇವರ್ ಮಾತ್ರ ಈಗಲೂ ಬಳಕೆದಾರನ ಲೆಕ್ಕಕ್ಕೇ ಸೇರಿದ್ದು. ಎರಡನ್ನೂ ಒಂದೇ ಅಂದುಕೊಂಡು ನಾನೂ ಒಂದು ಮಧ್ಯಾಹ್ನ ಹಾಳು ಮಾಡಿದ್ದೇನೆ.)

ಬೀಗ ಇರುವುದು ಗ್ರೂಪ್ ಪಾಲಿಸಿಯಲ್ಲಿ, ಅಂದರೆ ಅಡ್ಮಿನ್ ಹಾಕುವ ನಿಯಮಗಳಲ್ಲಿ. ಡೊಮೇನ್ (ಎಲ್ಲ ಯಂತ್ರಗಳನ್ನೂ ಸರ್ವರ್ ಆಳುವ ವ್ಯವಸ್ಥೆ) ಇರುವ ಕಡೆ ಸರ್ವರ್‌ನಲ್ಲಿ ಒಂದು ಸಲ ಬರೆದರೆ ಮುಗಿಯಿತು, ನಮ್ಮದು ಬರೀ ವರ್ಕ್‌ಗ್ರೂಪ್, ಯಂತ್ರಗಳೆಲ್ಲ ಬಿಡಿಬಿಡಿ. ಆದರೆ ಲ್ಯಾಬ್‌ನ ಯಂತ್ರಗಳೆಲ್ಲ ವಿಂಡೋಸ್ 10 ಪ್ರೊ, ಹಾಗಾಗಿ ಲೋಕಲ್ ಗ್ರೂಪ್ ಪಾಲಿಸಿ ಎಡಿಟರ್ ಇತ್ತು. ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಮ್, ಪವರ್ ಮ್ಯಾನೇಜ್‌ಮೆಂಟ್. ಅಷ್ಟು ಮೆಟ್ಟಿಲು ಇಳಿದರೆ ಡಿಸ್‌ಪ್ಲೇ ಮತ್ತು ಸ್ಲೀಪ್ ಎರಡಕ್ಕೂ ಬೇರೆ ಬೇರೆ ಕಪಾಟು. ಇಲ್ಲಿ ಹಾಕಿದ್ದನ್ನು ಸಾಮಾನ್ಯ ಬಳಕೆದಾರ ಬದಲಿಸಲಾಗುವುದಿಲ್ಲ, ಅವನಿಗೆ ಆ ಆಯ್ಕೆ ಮಂಕಾಗಿ ಕಾಣುತ್ತದೆ.

ಖುಷಿಯಿಂದ ಸ್ಕ್ರೀನ್ ಆಫ್ ಜಾಗದಲ್ಲಿ 10 ಅಂತ ಬರೆದೆ. ಮೊದಲ ಸಾಲಿನ ಎಂಟು ಸಿಸ್ಟಮ್‌ಗೂ, ಮೇಡಂ ಪಾಠ ಮಾಡುವ ಪ್ರೊಜೆಕ್ಟರ್ ಸಿಸ್ಟಮ್‌ಗೂ ಹಾಕಿ ಊಟಕ್ಕೆ ಹೋದೆ.

ಮೊಸರನ್ನ ಕಲಸುತ್ತಿದ್ದಾಗ ಫೋನ್. "ಸರ್, ಬೇಗ ಬನ್ನಿ, ಸ್ಕ್ರೀನ್ ಉಳೀತಾನೇ ಇಲ್ಲ." ಓಡಿ ಹೋಗಿ ನೋಡಿದರೆ ಮೇಡಂ ಲಿಂಕ್ಡ್ ಲಿಸ್ಟ್ ಪಾಠ ಮಾಡುತ್ತಿದ್ದಾರೆ. ಬೋರ್ಡಿನ ಕಡೆ ತಿರುಗಿ ಒಂದು ಬಾಣ ಬರೆದು ಈ ಕಡೆ ತಿರುಗುವಷ್ಟರಲ್ಲಿ ಪ್ರೊಜೆಕ್ಟರ್ ಕಪ್ಪು. ಮುಂದಿನ ಬೆಂಚಿನ ಹುಡುಗನಿಗೆ ಮೌಸ್ ಅಲ್ಲಾಡಿಸುವ ಡ್ಯೂಟಿ ಕೊಟ್ಟಿದ್ದಾರೆ, ಅವನು ಮಜ್ಜಿಗೆ ಕಡೆಯುವ ಹಾಗೆ ಕೂತಿದ್ದಾನೆ. ಮೇಡಂ ಸೆಟ್ಟಿಂಗ್ಸ್ ತೆರೆದು ಸರಿಮಾಡಲು ನೋಡಿದ್ದಾರೆ, ನಾನು ಹಾಕಿದ ಬೀಗ ಬಿಡಲಿಲ್ಲ. ಆ ಪಾಲಿಸಿಯಲ್ಲಿ ಸಮಯ ಬರೆಯಬೇಕಾದ್ದು ಸೆಕೆಂಡಿನಲ್ಲಿ! 10 ನಿಮಿಷಕ್ಕೆ 600, 30 ನಿಮಿಷಕ್ಕೆ 1800. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿ ಪವರ್ ಸೆಟ್ಟಿಂಗ್ ಬದಲಿಸುವ ಪವರ್‌ಸಿಎಫ್‌ಜಿಯಲ್ಲಿ ಇದೇ ಸಮಯ ನಿಮಿಷದಲ್ಲಿ. ಒಂದೇ ಕಂಪನಿ, ಒಂದೇ ಕೆಲಸ, ಎರಡು ಅಳತೆಗೋಲು. ಪಾಲಿಸಿಯ ವಿವರಣೆಯಲ್ಲಿ ಸೆಕೆಂಡ್ ಅಂತ ಸ್ಪಷ್ಟವಾಗಿಯೇ ಬರೆದಿದೆ, ಓದದೇ ಹೋದದ್ದು ನಾನು.

ಅದಾದ ಮೇಲೆ ಎಲ್ಲವನ್ನೂ ಮೊದಲು ಒಂದೇ ಯಂತ್ರದಲ್ಲಿ, ಕಿಟಕಿ ಪಕ್ಕದ 17ನೇ ನಂಬರಿನದರಲ್ಲಿ, ಎರಡು ದಿನ ನಡೆಸಿ ನೋಡುವುದು ಅಂತ ಇಟ್ಟುಕೊಂಡೆ. ಅಲ್ಲಿ ಸರಿಬಂದ ಪಾಲಿಸಿಯನ್ನು ಉಳಿದ 47ಕ್ಕೆ ಮತ್ತೆ ಕೈಯಲ್ಲಿ ಬರೆಯಲಿಲ್ಲ. ಮೈಕ್ರೋಸಾಫ್ಟ್‌ನದೇ ಎಲ್‌ಜಿಪಿಒ ಎಂಬ ಪುಟ್ಟ ಟೂಲ್ ಇದೆ, ಉಚಿತ. ಒಂದು ಯಂತ್ರದ ಲೋಕಲ್ ಪಾಲಿಸಿಯನ್ನು ಫೋಲ್ಡರ್‌ಗೆ ಇಳಿಸಿ ಇನ್ನೊಂದಕ್ಕೆ ಏರಿಸುತ್ತದೆ. ಅದನ್ನೂ ಒಂದು ಬ್ಯಾಚ್ ಫೈಲನ್ನೂ (ಒಂದರ ಹಿಂದೊಂದು ಓಡುವ ಆದೇಶಗಳ ಪಟ್ಟಿ) ಪೆನ್ ಡ್ರೈವ್‌ಗೆ ಹಾಕಿಕೊಂಡು, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಒತ್ತುತ್ತಾ ಒಂದು ಸುತ್ತು ಬಂದರೆ ಒಂದೂಕಾಲು ಗಂಟೆ.

ಬ್ಯಾಚ್ ಫೈಲ್ ಯಾಕೆಂದರೆ, ಕೆಲವು ಯಂತ್ರ ಬ್ಯಾಲೆನ್ಸ್ಡ್ ಪ್ಲಾನ್‌ನಲ್ಲಿದ್ದವು, ಕೆಲವು ಹೈ ಪರ್ಫಾರ್ಮೆನ್ಸ್‌ನಲ್ಲಿ. ಪವರ್‌ಸಿಎಫ್‌ಜಿಯ ಚೇಂಜ್ ಆದೇಶ ಆ ಹೊತ್ತಿಗೆ ಚಾಲ್ತಿಯಲ್ಲಿರುವ ಪ್ಲಾನ್ ಒಂದನ್ನೇ ತಿದ್ದುತ್ತದೆ. ಹಾಗಾಗಿ ಮೊದಲು ಸೆಟ್‌ಆಕ್ಟಿವ್ ಕೊಟ್ಟು ಎಲ್ಲವನ್ನೂ ಬ್ಯಾಲೆನ್ಸ್ಡ್‌ಗೆ ತಂದು ಆಮೇಲೆ ಉಳಿದದ್ದು. ಇದರಲ್ಲಿ ಪ್ಲಾನ್‌ಗಳಿಗೆ ಸ್ಕೀಮ್ ಮ್ಯಾಕ್ಸ್, ಸ್ಕೀಮ್ ಮಿನ್ ಅಂತ ಎರಡು ಅಡ್ಡಹೆಸರಿವೆ. ಮ್ಯಾಕ್ಸ್ ಅಂದರೆ ಗರಿಷ್ಠ ವೇಗ ಅಂದುಕೊಂಡೀರಿ, ಅಲ್ಲ. ಗರಿಷ್ಠ ಉಳಿತಾಯ, ಅಂದರೆ ಪವರ್ ಸೇವರ್. ಮಿನ್ ಎನ್ನುವುದೇ ಹೈ ಪರ್ಫಾರ್ಮೆನ್ಸ್.

ಇಷ್ಟಾದರೂ ಎಲ್ಲವೂ ಮಲಗಲಿಲ್ಲ. ಸ್ಕ್ರೀನ್ ಆಫ್ ಆಗುತ್ತಿತ್ತು, ಒಳಗಿನ ಫ್ಯಾನ್ ನಿಲ್ಲುತ್ತಿರಲಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿದೆ ಅನ್ನಿಸುವುದೇ ಇಲ್ಲಿನ ಮೋಸ. ಇಂಥ ಹೊತ್ತಿಗೆ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಆದೇಶ 'ಪವರ್‌ಸಿಎಫ್‌ಜಿ ರಿಕ್ವೆಸ್ಟ್ಸ್'. ಯಂತ್ರವನ್ನು ಮಲಗಲು ಬಿಡದೆ ಹಿಡಿದುಕೊಂಡಿರುವವರು ಯಾರು ಎಂದು ಹೆಸರು ಹಿಡಿದು ಹೇಳುತ್ತದೆ. ನಾಲ್ಕು ಯಂತ್ರಗಳಲ್ಲಿ ಆಡಿಯೊ ಡ್ರೈವರ್ ಹೆಸರು ಬಂತು, 'ಆಡಿಯೊ ಸ್ಟ್ರೀಮ್ ಬಳಕೆಯಲ್ಲಿದೆ' ಅಂತ. ಯಾವ ಸದ್ದೂ ಇಲ್ಲ, ಆದರೆ ಇಂಗ್ಲಿಷ್ ವಿಭಾಗದವರು ಉಚ್ಚಾರಣೆ ಅಭ್ಯಾಸಕ್ಕೆ ಹಾಕಿಸಿದ ಒಂದು ಸಾಫ್ಟ್‌ವೇರ್ ಹಿನ್ನೆಲೆಯಲ್ಲಿ ಕೂತು ಸೌಂಡ್ ಕಾರ್ಡನ್ನು ಬಿಡುತ್ತಿರಲಿಲ್ಲ. ಸ್ಟಾರ್ಟ್‌ಅಪ್‌ನಿಂದ ಅದನ್ನು ತೆಗೆದೆ.

ಮೇಡಂ ಸಿಸ್ಟಮ್‌ನಲ್ಲಿ ಬಂದದ್ದು ಬೇರೆ ಹೆಸರು: ಎಸ್‌ಆರ್‌ವಿನೆಟ್. ಬೇರೆ ಕಂಪ್ಯೂಟರ್ ಯಾವುದೋ ಈಗಷ್ಟೇ ಏನೋ ಕೇಳಿದೆ ಎಂದು ಅದರರ್ಥ. ಲ್ಯಾಬ್ ಪ್ರೋಗ್ರಾಂಗಳ ಫೋಲ್ಡರ್ ಅವರ ಯಂತ್ರದಿಂದಲೇ ಎಲ್ಲರಿಗೂ ಶೇರ್ ಆಗಿತ್ತು. ಆ ನಾಲ್ಕರಲ್ಲಿ ಒಂದು ಯಂತ್ರ ಫೋಲ್ಡರ್ ತೆರೆದಿಟ್ಟುಕೊಂಡೇ ರಾತ್ರಿಯಿಡೀ ಎಚ್ಚರವಿತ್ತು. ಚಿಕ್ಕ ಮಗು ಎದ್ದಿದ್ದರೆ ತಾಯಿಗೆ ನಿದ್ದೆಯೆಲ್ಲಿ? ಮಗು ಮಲಗಿದ ಮೇಲೆ ತಾಯಿಯೂ ಮಲಗಿತು. ಇಂಥ ಕೋರಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡ ಎನ್ನುವ 'ರಿಕ್ವೆಸ್ಟ್ಸ್ ಓವರ್‌ರೈಡ್' ಆದೇಶವೂ ಇದೆ, ಆದರೆ ಎಸ್‌ಆರ್‌ವಿನೆಟ್‌ಗೆ ನಾನು ಹಾಕಲಿಲ್ಲ. ಹಗಲು ಹೊತ್ತು ಹುಡುಗರು ಫೈಲ್ ತೆರೆಯುತ್ತಿರುವಾಗಲೇ ಮೇಡಂ ಯಂತ್ರ ಮಲಗಿಬಿಟ್ಟರೆ ಇಡೀ ಲ್ಯಾಬ್ ನನ್ನ ಹೆಸರು ಕೂಗುತ್ತದೆ.

ಇನ್ನೊಂದು ವಿಷಯ ತಂದವರು ನಮ್ಮ ವಾಚ್‌ಮನ್. "ಸಾರ್, ರಾತ್ರಿ ಎರಡು ಗಂಟೆಗೆ ಲ್ಯಾಬ್ ಒಳಗೆ ಸೊಂಯ್ ಅಂತ ಶುರುವಾಗ್ತದೆ. ಬೀಗ ಹಾಕಿದೆ, ಒಳಗೆ ಯಾರೂ ಇಲ್ಲ" ಅಂದರು, ಸ್ವಲ್ಪ ಅಳುಕಿನಿಂದಲೇ. ಹೊತ್ತು ಕೇಳಿದ ಕೂಡಲೇ ಹೊಳೆಯಿತು. ವಿಂಡೋಸ್‌ನ ಆಟೊಮ್ಯಾಟಿಕ್ ಮೇಂಟೆನೆನ್ಸ್‌ಗೆ ಮೊದಲೇ ಇಟ್ಟಿರುವ ಸಮಯ ರಾತ್ರಿ 2. ಅದಕ್ಕೆ ಬೇಕಾದರೆ ಮಲಗಿರುವ ಯಂತ್ರವನ್ನು ಎಬ್ಬಿಸಿಕೊಳ್ಳುವ ಅವಕಾಶವೂ ಇದೆ. 'ವೇಕ್‌ಟೈಮರ್ಸ್' ಆದೇಶ ಅದನ್ನೇ ತೋರಿಸಿತು. ಬ್ಯಾಚ್ ಫೈಲ್‌ನಲ್ಲಿ ವೇಕ್ ಟೈಮರ್ ಬಂದ್ ಮಾಡುವ ಸಾಲು ಸೇರಿಸಿದೆ. ಈ ಥರದ ಸಾಲು ಕೊಟ್ಟ ಮೇಲೆ ಪ್ಲಾನನ್ನು ಮತ್ತೊಮ್ಮೆ ಸೆಟ್‌ಆಕ್ಟಿವ್ ಮಾಡಬೇಕು, ಇಲ್ಲದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ಬೆಳಗ್ಗೆ ಟೇಬಲ್ ಒರೆಸುವಾಗ ಮೌಸ್ ಅಲ್ಲಾಡಿ ಏಳುತ್ತಿದ್ದವುಗಳಿಗೆ, ಮೌಸ್‌ಗೆ ಎಬ್ಬಿಸುವ ಹಕ್ಕು ತೆಗೆದು ಕೀಬೋರ್ಡ್‌ಗೆ ಮಾತ್ರ ಉಳಿಸಿದೆ.

ಇನ್ನು ನಾನು ಹೇಳಿಕೊಳ್ಳಲು ಇಷ್ಟಪಡದ ಭಾಗ. ನಮ್ಮ ಎಸ್‌ಎಸ್‌ಡಿಗಳು 120 ಜಿಬಿಯವು, ಯಾವಾಗಲೂ ಜಾಗದ ತಾಪತ್ರಯ. ಹೈಬರ್ನೇಟ್‌ಗೆಂದು (ಕೆಲಸವನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಪೂರ್ತಿ ಆಫ್ ಆಗುವುದಕ್ಕೆ) ಇರುವ ಫೈಲ್ ರ‍್ಯಾಮ್‌ನ ಶೇ. 40ರಷ್ಟು ದೊಡ್ಡದು, 8 ಜಿಬಿ ರ‍್ಯಾಮ್‌ಗೆ 3 ಜಿಬಿ ದಾಟುತ್ತದೆ. ಹೇಗೂ ಸ್ಲೀಪ್ ಇದೆಯಲ್ಲ, ಇದ್ಯಾಕೆ ಅಂತ ಅದೇ ಬ್ಯಾಚ್ ಫೈಲ್‌ನಲ್ಲಿ ಹೈಬರ್ನೇಟ್ ಆಫ್ ಅಂತಲೂ ಬರೆದಿದ್ದೆ. ಜೂನ್‌ನಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು. ಬೆಳಗಿನ ಜಾವದ ಹೊತ್ತಿಗೆ ಯುಪಿಎಸ್ ಬ್ಯಾಟರಿಯೂ ಖಾಲಿ. ಸ್ಲೀಪ್‌ನಲ್ಲಿ ಕೆಲಸವೆಲ್ಲ ರ‍್ಯಾಮ್‌ನಲ್ಲಿರುತ್ತದೆ, ರ‍್ಯಾಮ್‌ಗೆ ಕರೆಂಟ್ ಇಲ್ಲದಿದ್ದರೆ ಏನೂ ಇಲ್ಲ. ಕೊನೆಯ ವರ್ಷದ ಹುಡುಗಿಯೊಬ್ಬಳು ನೋಟ್‌ಪ್ಯಾಡ್‌ನಲ್ಲಿ ಸೇವ್ ಮಾಡದೆ ಬಿಟ್ಟು ಹೋಗಿದ್ದ ಪ್ರೋಗ್ರಾಂ ಹೋಯಿತು. "ಸರ್, ನಿನ್ನೆ ಎಲ್ಲ ಹಾಗೇ ಇರುತ್ತೆ ಅಂದಿದ್ರಲ್ಲ" ಅಂದಳು. ಅಂದಿದ್ದೆ, ನಿಜ.

ಡೆಸ್ಕ್‌ಟಾಪ್‌ಗಳಲ್ಲಿ ಹೈಬ್ರಿಡ್ ಸ್ಲೀಪ್ ಎಂಬುದೊಂದು ಇರುತ್ತದೆ. ಮಲಗುವ ಮುಂಚೆ ರ‍್ಯಾಮ್‌ನಲ್ಲಿರುವುದರ ಪ್ರತಿಯನ್ನು ಡಿಸ್ಕ್‌ಗೂ ಬರೆದಿಡುತ್ತದೆ, ಕರೆಂಟ್ ಹೋದರೂ ಅಲ್ಲಿಂದ ಎತ್ತಿಕೊಳ್ಳುತ್ತದೆ. ಹೈಬರ್ನೇಟ್ ಆಫ್ ಮಾಡಿದರೆ ಅದೂ ಜೊತೆಯಲ್ಲೇ ಹೋಗುತ್ತದೆ. 3 ಜಿಬಿ ಉಳಿಸಲು ಹೋಗಿ ನಾನು ಕಿತ್ತುಹಾಕಿದ್ದು ಅದನ್ನೇ. ಮರುದಿನವೇ 48ಕ್ಕೂ ಹೈಬರ್ನೇಟ್ ಆನ್ ಮಾಡಿ, ಹೈಬ್ರಿಡ್ ಸ್ಲೀಪ್ ಇದೆಯೇ ಅಂತ 17ನೇ ಯಂತ್ರವನ್ನು ಮಲಗಿಸಿ ಪ್ಲಗ್ ಕಿತ್ತು ನೋಡಿದೆ. ಮತ್ತೆ ಹಾಕಿ ಆನ್ ಮಾಡಿದಾಗ ತೆರೆದಿಟ್ಟ ನೋಟ್‌ಪ್ಯಾಡ್ ಹಾಗೇ ಬಂತು. ಜಾಗಕ್ಕೆ ಹಳೇ ವಿದ್ಯಾರ್ಥಿಗಳ ಪ್ರೊಫೈಲ್‌ಗಳನ್ನು ಅಳಿಸಿದೆ. ಆ ಹುಡುಗಿಗೆ ಪ್ರೋಗ್ರಾಂ ಮತ್ತೆ ಬರೆಯಲು ಎರಡು ಸಂಜೆ ಲ್ಯಾಬ್ ತೆರೆದುಕೊಟ್ಟು ನಾನೂ ಕೂತಿದ್ದೆ.

ಪರೀಕ್ಷೆಯ ದಿನಗಳಿಗೆ ಬೇರೆಯೇ ಪೆನ್ ಡ್ರೈವ್ ಇದೆ, ಕೆಂಪು ಟೇಪ್ ಸುತ್ತಿದ್ದು. ಅದರಲ್ಲಿ ಎಲ್‌ಜಿಪಿಒದ ಇನ್ನೊಂದು ಫೋಲ್ಡರ್, ಎರಡೂ ಸಮಯ ಸೊನ್ನೆ. ಸೊನ್ನೆ ಅಂದರೆ ತಕ್ಷಣ ಅಲ್ಲ, ಎಂದಿಗೂ ಇಲ್ಲ. ಆನ್‌ಲೈನ್ ಟೆಸ್ಟ್ ನಡುವೆ ಯಾರ ಸ್ಕ್ರೀನೂ ಹೋಗಬಾರದು. ಪರೀಕ್ಷೆ ಮುಗಿದ ಸಂಜೆ ಎಂದಿನ ಸಮಯ ಇರುವ ಹಸಿರು ಟೇಪಿನ ಪೆನ್ ಡ್ರೈವ್ ಹಾಕಿ ವಾಪಸ್. ಒಮ್ಮೆ ಮರೆತಿದ್ದೆ, ಮರುದಿನ ಬೆಳಗ್ಗೆ ವಾಚ್‌ಮನ್ ಗೇಟಿನಲ್ಲೇ ಹೇಳಿದರು.

ಆಫೀಸಿನ ಮೂರು ಲ್ಯಾಪ್‌ಟಾಪ್ ಮಾತ್ರ ಬಾಕಿ. ಅವು ವಿಂಡೋಸ್ ಹೋಮ್, ಪಾಲಿಸಿ ಎಡಿಟರ್ ಇಲ್ಲ. ಲಾಗಿನ್ ಆದಾಗಲೆಲ್ಲ ಪವರ್‌ಸಿಎಫ್‌ಜಿಯ ಎರಡು ಸಾಲು ಓಡುವ ಹಾಗೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿದ್ದೇನೆ. ಬೀಗವಲ್ಲ, ಬರೀ ಅಗುಳಿ. ಅಕೌಂಟ್ಸ್ ಅಕ್ಕ ಮಧ್ಯಾಹ್ನ 'ನೆವರ್' ಮಾಡಿಕೊಂಡರೆ ಮರುದಿನ ಬೆಳಗ್ಗೆ ತಾನಾಗಿ ಮತ್ತೆ 10 ನಿಮಿಷ ಆಗುತ್ತದೆ. ಅವರು ಇನ್ನೂ ಗಮನಿಸಿಲ್ಲ.