ಹೊಗೆಸೊಪ್ಪಿನ ಸೀಮೆಯಲ್ಲಿ ಪಿಟಿ ಮೇಷ್ಟ್ರಾಗಿ

ನಾನು ಪಿರಿಯಾಪಟ್ಟಣದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ಮಕ್ಕಳ ಬಾಯಲ್ಲಿ ಪಿಟಿ ಮೇಷ್ಟ್ರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂದರೆ ಹೊಗೆಸೊಪ್ಪಿನ ಸೀಮೆ. ನಮ್ಮ ಮಕ್ಕಳ ಮನೆಯ ಸಾಲ ತೀರುವುದು, ಅಕ್ಕನ ಮದುವೆ ನಿಶ್ಚಯವಾಗುವುದು, ಎಲ್ಲವೂ ಹರಾಜಿನಲ್ಲಿ ಸೊಪ್ಪಿಗೆ ಎಷ್ಟು ದರ ಸಿಕ್ಕಿತು ಅನ್ನುವುದರ ಮೇಲೆ. ಇಂಥ ಊರಿನ ಶಾಲೆಯ ಗೇಟಿನಲ್ಲಿ ‘ತಂಬಾಕು ಮುಕ್ತ ವಲಯ’ ಅಂತ ಬೋರ್ಡ್ ಇದೆ. ಆ ಬೋರ್ಡಿಗೆ ಅರ್ಥ ಬರಿಸಲು ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

2018ರಲ್ಲಿ ಒಂಬತ್ತನೇ ತರಗತಿಯ ಮೂವರು ಹುಡುಗರು ಶೌಚಾಲಯದ ಹಿಂದೆ ಬೀಡಿ ಸೇದುವಾಗ ಸಿಕ್ಕಿಬಿದ್ದರು. ಹಿಡಿದವನು ನಾನೇ. ಆಗ ನಮ್ಮಲ್ಲಿದ್ದ ನಿಯಮ ಒಂದೇ. ಪ್ರಾರ್ಥನೆಯಲ್ಲಿ ಎಲ್ಲರ ಮುಂದೆ ನಿಲ್ಲಿಸುವುದು, ಅಪ್ಪನನ್ನು ಕರೆದುಕೊಂಡು ಬರುವ ತನಕ ಒಳಗೆ ಸೇರಿಸದಿರುವುದು. ಇಬ್ಬರು ಅಪ್ಪಂದಿರ ಜೊತೆ ಬಂದರು. ಮೂರನೆಯವನು ಬರಲೇ ಇಲ್ಲ. ಒಂದು ತಿಂಗಳ ಮೇಲೆ ಹುಡುಕಿಕೊಂಡು ಹೋದರೆ ಯಾರದೋ ಬ್ಯಾರನ್ನಿಗೆ, ಅಂದರೆ ಹೊಗೆಸೊಪ್ಪು ಬೇಯಿಸಿ ಹದ ಮಾಡುವ ಮನೆಗೆ, ಸೌದೆ ಹಾಕುತ್ತಿದ್ದ. ಎಷ್ಟು ಕರೆದರೂ ಶಾಲೆಗೆ ವಾಪಸ್ ಬರಲಿಲ್ಲ. ಬೀಡಿ ಬಿಡಿಸಲು ಹೋಗಿ ಶಾಲೆ ಬಿಡಿಸಿದೆವು. ಉಳಿದಿಬ್ಬರಾದರೂ ಸೇದುವುದನ್ನು ನಿಲ್ಲಿಸಿದರಾ? ಇಲ್ಲ. ಕೆರೆ ಏರಿಗೆ ಜಾಗ ಬದಲಿಸಿದರು, ಅಷ್ಟೇ.

2019ರಲ್ಲಿ ಕೇಂದ್ರ ಸರ್ಕಾರ ತಂಬಾಕು ಮುಕ್ತ ಶಾಲೆಗಳ ಮಾರ್ಗಸೂಚಿಯನ್ನು ಹೊಸದಾಗಿ ಹೊರಡಿಸಿತು. ಒಂಬತ್ತು ಅಂಶ. ಬೋರ್ಡು, ಪೋಸ್ಟರು, ಆರು ತಿಂಗಳಿಗೊಂದು ಕಾರ್ಯಕ್ರಮ ಇವೆಲ್ಲ ಒಂದು ವಾರದಲ್ಲಿ ಮುಗಿಯುವ ಕೆಲಸ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಅಂಶ: ಆವರಣದಲ್ಲಿ ಬೀಡಿ-ಸಿಗರೇಟಿನ ತುಂಡು, ಗುಟ್ಕಾ ಪೊಟ್ಟಣ, ಉಗಿದ ಕಲೆ ಏನೂ ಇರಬಾರದು. ಸರಿ, ನೋಡೇ ಬಿಡೋಣ ಅಂತ ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಕಾಂಪೌಂಡ್ ಸುತ್ತಿ ಎಣಿಸಿದೆ. ಇಪ್ಪತ್ತಮೂರು ತುಂಡು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಕ್ಕಿದ್ದು ಸ್ಟಾಫ್ ರೂಮಿನ ಹಿಂದೆ. ಅತ್ತ ಮಕ್ಕಳು ಹೋಗುವುದೇ ಇಲ್ಲ.

ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಹೇಳುವಾಗ ನನ್ನ ಗಂಟಲು ಒಣಗಿತ್ತು. ಸೇದುವ ಇಬ್ಬರೂ ನನಗಿಂತ ಹಿರಿಯರು. ಅವರಲ್ಲಿ ಒಬ್ಬರಿಗೆ ಕೋಪ ಬಂತು. ಆದರೆ ಹೆಡ್ ಮೇಡಂ ಬಿಡಲಿಲ್ಲ. "ಹುಡುಗರಿಗೆ ಏನು ನಿಯಮವೋ ನಮಗೂ ಅದೇ ಸಾರ್. ಗೆರೆಯ ಒಳಗೆ ಯಾರೂ ಬೇಡ" ಅಂದರು.

ಗೆರೆ ಅಂದರೆ ಹಳದಿ ಗೆರೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆಯೇ ಆಗ ಹೇಳುತ್ತಿತ್ತು. ಆ ಗಡಿಯನ್ನು ರಸ್ತೆ ಮೇಲೆ ಬಣ್ಣ ಬಳಿದು ತೋರಿಸಬೇಕು. 100 ಗಜ ಅಂದರೆ ಸುಮಾರು 91 ಮೀಟರ್. ಲಾಂಗ್ ಜಂಪಿಗೆ ಇಟ್ಟುಕೊಂಡಿದ್ದ 30 ಮೀಟರ್ ಟೇಪನ್ನು ಮೂರು ಸಲ ಎಳೆದು, ಮೇಲೆ ಒಂದೂವರೆ ಮೀಟರ್ ಸೇರಿಸಿದೆವು. ಮೊದಲು ಗೇಟಿನಿಂದ ಅಳೆದು ತಪ್ಪು ಮಾಡಿದ್ದೆವು. ಅಳೆಯಬೇಕಾದ್ದು ಕಾಂಪೌಂಡ್ ಗೋಡೆಯಿಂದ. ನೀವೂ ಗೆರೆ ಎಳೆಸುವುದಾದರೆ ಇದನ್ನು ಮರೆಯಬೇಡಿ. ಗೋಡೆಯಿಂದ ಅಳೆದಾಗ ಇನ್ನೊಂದು ಪೆಟ್ಟಿಗೆ ಅಂಗಡಿ ಗೆರೆಯ ಒಳಗೆ ಬಂತು.

ಅದು ಒಬ್ಬ ಅಜ್ಜಿಯ ಅಂಗಡಿ. ಬಿಡಿ ಸಿಗರೇಟು ಸಿಗುತ್ತಿದ್ದದ್ದೂ ಅಲ್ಲೇ. ಹುಡುಗರ ಕೈಯಲ್ಲಿ ಪ್ಯಾಕ್ ಕೊಳ್ಳುವಷ್ಟು ದುಡ್ಡು ಇರುವುದಿಲ್ಲ, ಒಂದು ಕೊಳ್ಳುವಷ್ಟು ಇರುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರನ್ನು ಕರೆದುಕೊಂಡು ಹೋಗಿ ಮಾತಾಡಿದೆ. "ನಿಮ್ಮ ಮೊಮ್ಮಗನೂ ಇದೇ ಶಾಲೆಗೆ ಬರ್ತಾನಲ್ಲಮ್ಮ" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಯಿಸಿದ ಕಡಲೆಕಾಯಿ ಇಟ್ರೆ ನಿಮ್ಮ ಹುಡುಗ್ರು ತಗೋತಾರಾ ಮೇಷ್ಟ್ರೇ?" ಅಂತ ಕೇಳಿದರು. ಈಗ ಇಂಟರ್‌ವಲ್‌ನಲ್ಲಿ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಇನ್ನೊಬ್ಬ ಅಂಗಡಿಯವರು ಒಪ್ಪಲಿಲ್ಲ. ದಂಡ ಕಟ್ಟಿದರು, ಮಾರನೇ ದಿನ ಮತ್ತೆ ಮಾರಿದರು. ಆಮೇಲೆ ಗೆರೆಯಿಂದ ಆಚೆಗೆ ಹೋದರು.

ಇಷ್ಟಾದರೂ ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಜೂನ್‌ನಲ್ಲಿ ಚೆನ್ನಾಗಿರುವ ಹುಡುಗ ದಸರಾ ರಜೆಯ ಹೊತ್ತಿಗೆ ಸೇದುವವನಾಗಿರುತ್ತಾನೆ, ಯಾಕೆ? ಹಾಜರಿ ಪುಸ್ತಕ ತೆಗೆದು ನೋಡಿದಾಗ ಹೊಳೆಯಿತು. ಜುಲೈಯಿಂದ ಸೆಪ್ಟೆಂಬರ್ ಸೊಪ್ಪು ಬೇಯಿಸುವ ಕಾಲ. ಒಂದು ಸಲ ಬ್ಯಾರನ್ ತುಂಬಿದರೆ ಐದಾರು ದಿನ ರಾತ್ರಿ ಹಗಲು ಬೆಂಕಿ ಆರಬಾರದು. ರಾತ್ರಿ ಕಾವಲಿಗೆ ಮನೆಯ ಹುಡುಗ. ನಿದ್ದೆ ತಡೆಯಲು ಜೊತೆಯ ಆಳು ಒಂದು ಬೀಡಿ ಕೊಡುತ್ತಾನೆ. ಶುರುವಾಗುವುದು ಅಲ್ಲಿ. ನಮ್ಮ ನಿಯಮ ಇರುವುದು ಇಲ್ಲಿ.

ಆಗಿನಿಂದ ಜೂನ್‌ನ ಪೋಷಕರ ಸಭೆಯಲ್ಲಿ ನಾನು ಮಾತಾಡುವುದು ಬ್ಯಾರನ್ ಬಗ್ಗೆಯೇ. ಬೆಳೆ ಬೇಡ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವ ಅಧಿಕಾರ ನನಗಿಲ್ಲ. "ಇದೇ ನಮ್ಮ ಅನ್ನ ಸಾರ್" ಅಂತ ಒಬ್ಬ ಹುಡುಗ ನನಗೆ ಹೇಳಿದ್ದಾನೆ, ಅದು ನಿಜವೂ ಹೌದು. ರಾತ್ರಿ ಕಾವಲಿಗೆ ಮಾತ್ರ ಮಗನನ್ನು ಕಳಿಸಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒದ್ದೆ ಸೊಪ್ಪು ಮುಟ್ಟಿದರೆ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿ ತಲೆಸುತ್ತು, ವಾಂತಿ ಬರುತ್ತದೆ ಅಂದಾಗ ತಾಯಂದಿರು ತಲೆಯಾಡಿಸುತ್ತಾರೆ. ಅವರಿಗೆ ಅದು ಗೊತ್ತು, ಅನುಭವಿಸಿದ್ದಾರೆ. ಹಲವರು ಮಾತು ಉಳಿಸಿಕೊಂಡಿದ್ದಾರೆ. ಆಳು ಸಿಗದ ವರ್ಷ ಕೆಲವರಿಗೆ ಆಗುವುದಿಲ್ಲ.

ಈಗ ಸಿಕ್ಕಿಬಿದ್ದವರನ್ನು ಪ್ರಾರ್ಥನೆಯಲ್ಲಿ ನಿಲ್ಲಿಸುವುದಿಲ್ಲ. ಸಂಜೆ ಮೈದಾನಕ್ಕೆ ಕರೆಯುತ್ತೇನೆ. ಕಬಡ್ಡಿ ಅನ್ನು, ಉಸಿರು ಎಷ್ಟು ಹೊತ್ತು ನಿಲ್ಲುತ್ತೆ ನೋಡೋಣ ಅನ್ನುತ್ತೇನೆ. ರೈಡಿಗೆ 30 ಸೆಕೆಂಡ್ ಬೇಕು. ಸೇದುವವನು ಅದಕ್ಕೆ ಮೊದಲೇ ಕೆಮ್ಮುತ್ತಾನೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ, ಸೇದದೆ ಒಂದು ದಿನ ಕಳೆದರೆ ಅದು ಹೊರಗೆ ಹೋಗುತ್ತದೆ ಅಂತ ವಿವರಿಸುತ್ತೇನೆ. ಎರಡು ವಾರ ದಿನಾ ಬರಬೇಕು, ನಾನು ಬರೆದಿಡುತ್ತೇನೆ. ನಲವತ್ತು ವರ್ಷದ ಮೇಲೆ ಬರುವ ಕ್ಯಾನ್ಸರ್ ಹದಿನೈದರ ಹುಡುಗನಿಗೆ ದೂರ. ಹೋಬಳಿ ಮಟ್ಟದ ಕಬಡ್ಡಿ ಹತ್ತಿರ. ಇದರಿಂದಲೂ ಆಗದವರ ಜೊತೆ ಕೂತು 1800-11-2356ಕ್ಕೆ ಫೋನ್ ಮಾಡಿಸಿದ್ದೇನೆ. ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಸಹಾಯವಾಣಿ ಅದು.

ಆವರಣದಲ್ಲಿ ತುಂಡು ಸಿಗದ ಶನಿವಾರಗಳೇ ಈಗ ಜಾಸ್ತಿ. ಅಷ್ಟರಿಂದಲೇ ಎಲ್ಲರೂ ಬಿಟ್ಟರು ಅಂತ ನಾನು ನಂಬುವುದಿಲ್ಲ, ಕೆರೆ ಏರಿ ಇದೆಯಲ್ಲ. ನನಗೆ ಧೈರ್ಯ ಕೊಟ್ಟಿದ್ದು ಬೇರೆ. ಹೋದ ವರ್ಷ ಇಬ್ಬರು ಹುಡುಗರು ಸಿಕ್ಕಿಬೀಳದೆಯೇ ಬಂದು, "ಸಾರ್, ನಮ್ದೂ ಉಸಿರು ನೋಡಿ" ಅಂದರು. ಅವತ್ತು ಕೋಪ ಮಾಡಿಕೊಂಡಿದ್ದ ಹಿರಿಯರು ಎಷ್ಟೋ ತಿಂಗಳು ಬಿಸಿಲಲ್ಲಿ ಗೆರೆಯ ತನಕ ನಡೆದುಹೋಗಿ ಸೇದಿ ಬರುತ್ತಿದ್ದರು. ಒಂದು ದಿನ ಹೋಗುವುದನ್ನೇ ನಿಲ್ಲಿಸಿದರು. ಯಾಕೆ ಅಂತ ನಾನು ಕೇಳಲಿಲ್ಲ.

2025ರಲ್ಲಿ ಕೋಟ್ಪಾಗೆ ಕರ್ನಾಟಕದ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ತಂಬಾಕು ಮಾರಬಹುದಾದ ವಯಸ್ಸು 18ರಿಂದ 21ಕ್ಕೆ ಏರಿತು. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿಯಿಂದ 1000ಕ್ಕೆ ಹೋಯಿತು. 100 ಗಜ ಹೋಗಿ 100 ಮೀಟರ್ ಆಯಿತು. ನಾವು ಮತ್ತೆ ಟೇಪ್ ಹಿಡಿದು ಹೋದೆವು. ಹಳದಿ ಗೆರೆ ಎಂಟೂವರೆ ಮೀಟರ್ ಮುಂದೆ ಹೋಗಿದೆ. ಗೆರೆ ದಾಟಿ ಆಚೆ ಇಟ್ಟಿದ್ದ ಅಂಗಡಿ ಈಗ ಮತ್ತೆ ಒಳಗೆ ಬಂದಿದೆ. ಈ ವಾರ ಹೋಗಿ ಅವರ ಜೊತೆ ಮಾತಾಡಬೇಕು.