ಟೊಪ್ಪಿ ಚಂದ ಇದೆ, ಒಳಗಡೆ ತೋರಿಸು

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ತೊಟ್ಟಿಲ ಪಕ್ಕ ಉಡುಗೊರೆಗಳ ರಾಶಿ. ಅದರಲ್ಲಿ ಒಂದು ಕ್ರೋಷಾ ಟೊಪ್ಪಿ, ತಿಳಿಹಳದಿ ಬಣ್ಣದ್ದು, ಕಿವಿಯ ಹತ್ತಿರ ಗುಲಾಬಿ ಹೂವು ಬೇರೆ. ಹೆಣೆದ ಹುಡುಗಿ ಅಲ್ಲೇ ನಿಂತಿದ್ದಳು. ಎಲ್ಲರೂ ಫೋಟೋ ತೆಗೆದರು. ನಾನು ಟೊಪ್ಪಿಯನ್ನು ಕೈಗೆ ತೆಗೆದುಕೊಂಡು ಒಳಮಗ್ಗುಲು ತಿರುಗಿಸಿದೆ. ಅಯ್ಯೋ, ಏಳು ಗಂಟು! ಒಂದೊಂದೂ ಮೆಣಸಿನ ಕಾಳಿನಷ್ಟು. ಹೂವಿನ ಹಿಂದೆ ಎರಡು ದಾರದ ತುದಿ ಇಲಿ ಬಾಲದ ಹಾಗೆ ನೇತಾಡುತ್ತಿದ್ದವು. "ಅಜ್ಜಿ, ಅದು ಒಳಗಡೆ ಅಲ್ವಾ, ಕಾಣಲ್ಲ" ಅಂದಳು.

ಯಾರಿಗೆ ಕಾಣಲ್ಲ? ಮಗುವಿನ ನೆತ್ತಿಗೆ ತಾಗುವುದು ಒಳಗಡೆಯೇ. ಹೂವು ನೋಡುವವರಿಗೆ, ಗಂಟು ಮಗುವಿಗೆ. ಅವತ್ತು ನಾನು ಬಾಯಿ ಮುಚ್ಚಿಕೊಂಡೆ, ಹೋಳಿಗೆ ಊಟ ಕಾದಿತ್ತು. ಈಗ ಬರೆಯುತ್ತಿದ್ದೇನೆ.

ನನಗೆ ಕ್ರೋಷಾ ಕಲಿಸಿದ್ದು ಶಾಲೆಯ ಹೊಲಿಗೆ ಟೀಚರ್. ಆಗೆಲ್ಲ ಮಕ್ಕಳ ಬಟ್ಟೆ ಅಲ್ಲ, ರೇಡಿಯೋ ಕವರು, ಬಾಗಿಲ ತೋರಣ, ಹಾಲಿನ ಲೋಟದ ಮೇಲೆ ಮುಚ್ಚಲು ಅಂಚಿಗೆ ಮಣಿ ಕಟ್ಟಿದ ಜಾಳಿಗೆ. ಬಿಳಿ ನೂಲು, ತುದಿಗೆ ಕೊಕ್ಕೆ ಇರುವ ಸಣ್ಣ ಸ್ಟೀಲ್ ಕಡ್ಡಿ. ಟೀಚರ್ ಬಂದು ಮೊದಲು ನೋಡುತ್ತಿದ್ದುದು ಹಿಂಭಾಗ. ಹಿಂದೆ ಗಂಟು ಕಂಡರೆ ಮಾತಿಲ್ಲ, ಕತೆಯಿಲ್ಲ, ದಾರ ಎಳೆದು ಸರ್ರನೆ ಬಿಚ್ಚಿಬಿಡುತ್ತಿದ್ದರು. ಕ್ರೋಷಾ ಬಿಚ್ಚುವುದು ಎಷ್ಟು ಸುಲಭ ಅಂತ ಗೊತ್ತಲ್ಲ, ಎರಡು ದಿನದ ಕೆಲಸ ಅರ್ಧ ನಿಮಿಷಕ್ಕೆ ಉಂಡೆಯಾಗುತ್ತಿತ್ತು. ನಾನು ಅತ್ತಿದ್ದೇನೆ. ಆದರೂ ಮದುವೆಯಾದ ಮೇಲೆ ಅದನ್ನೇ ಮರೆತೆ. ಆ ಕತೆ ಮುಂದೆ ಹೇಳುತ್ತೇನೆ.

ಮೊದಲು ದಾರದ ವಿಷಯ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಬಹುಪಾಲು ಆಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಕೆಟ್ಟದ್ದು ಅಂತ ಹೇಳುತ್ತಿಲ್ಲ, ಒಗೆಯಲು ಸುಲಭ, ಮೆತ್ತಗೂ ಇರುತ್ತದೆ. ಆದರೆ ಏನು ಕೊಂಡಿರಿ ಅಂತ ನಿಮಗೆ ಗೊತ್ತಿರಬೇಕು. ಒಂದು ತುಂಡು ದಾರವನ್ನು ಇಕ್ಕಳದಲ್ಲಿ ಹಿಡಿದು ಬಚ್ಚಲಲ್ಲಿ ನಿಂತು ಬೆಂಕಿ ತಾಗಿಸಿ ನೋಡಿ. ಕೂದಲು ಸುಟ್ಟ ವಾಸನೆ ಬಂದು, ಕರಿ ಉಂಡೆ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಆಕ್ರಿಲಿಕ್. ಆ ಮಣಿಯನ್ನು ಆರುವ ಮೊದಲು ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಹೇಳುವುದು, ಎಣ್ಣೆನೀರು ಆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಮಗುವನ್ನು ಹತ್ತಿರ ಹಿಡಿಯುವವರು ಇನ್ನೂ ಇದ್ದಾರೆ, ಅಂಥ ಮನೆಗೆ ಆಕ್ರಿಲಿಕ್ ಟೊಪ್ಪಿ ಕೊಡಬೇಡಿ. ಈಗಿನ ಡಾಕ್ಟರು ಆ ಹೊಗೆಯೇ ಬೇಡ ಅನ್ನುತ್ತಾರೆ. ಸರಿಯೇ, ನನ್ನ ಮಕ್ಕಳು ಎಷ್ಟು ಕೆಮ್ಮುತ್ತಿದ್ದರು ಅಂತ ನನಗೇ ಗೊತ್ತು.

ಬೆಂಗಳೂರಿನವರು, ಬಯಲುಸೀಮೆಯವರು ಹತ್ತಿ ದಾರ ತೆಗೆದುಕೊಳ್ಳಿ. ನಮ್ಮ ಮಲೆನಾಡಿನ ಕಡೆ ಜುಲೈ ತಿಂಗಳ ಬಾಣಂತನವಾದರೆ ಉಲ್ಲನ್ ಬೇಕು. ಎರಡು ಕಡೆಯವರೂ ಆ ನವಿರು ಕೂದಲು ಎದ್ದಿರುತ್ತದಲ್ಲ, ಬೆಕ್ಕಿನ ಬಾಲದಂಥ ಉಲ್ಲನ್, ಅದನ್ನು ಮಾತ್ರ ತರಬೇಡಿ. ಮಗು ಎಲ್ಲವನ್ನೂ ಬಾಯಿಗೆ ಹಾಕುತ್ತದೆ, ಸಂಜೆ ಹೊತ್ತಿಗೆ ನಾಲಿಗೆ ತುಂಬ ಕೂದಲು.

ಕಡ್ಡಿ ಮೂರೂವರೆ ಅಥವಾ ನಾಲ್ಕು ಮಿಲಿಮೀಟರಿನದು ಸಾಕು. ಚೈನು, ಕಂಬ ಅನ್ನುವ ಹೆಣಿಗೆ ಹಾಕುವುದು ನಾನು ಹೇಳಿಕೊಡಬೇಕಾಗಿಲ್ಲ, ಅದು ಫೋನಿನಲ್ಲೇ ಸಿಗುತ್ತದೆ. ಆದರೆ ಫೋನು ಹೇಳದ ಒಂದು ಮಾತಿದೆ. ಬ್ರಿಟನ್ನಿನವರು ಡಬಲ್ ಕ್ರೋಷಾ ಅನ್ನುವುದನ್ನು ಅಮೆರಿಕದವರು ಸಿಂಗಲ್ ಕ್ರೋಷಾ ಅನ್ನುತ್ತಾರೆ. ಬ್ರಿಟನ್ನಿನವರ ಟ್ರೆಬಲ್ಲೇ ಅಮೆರಿಕದವರ ಡಬಲ್. ನನ್ನ ಹಳೆಯ ಪುಸ್ತಕ ಬ್ರಿಟಿಷ್ ಲೆಕ್ಕದ್ದು, ವಿಡಿಯೋಗಳು ಹೆಚ್ಚಾಗಿ ಅಮೆರಿಕದ ಲೆಕ್ಕದವು. ನನ್ನ ಸೊಸೆ ಪುಸ್ತಕ ನೋಡಿ ವಿಡಿಯೋದ ಹಾಗೆ ಹಾಕಿದಳು. ಮಗುವಿನ ಟೊಪ್ಪಿ ಹೋಗಿ ಅದರ ಮಾವನಿಗೆ ಆಗುವಷ್ಟು ಉದ್ದವಾಯಿತು. ಅದಕ್ಕೇ ನಾನು ಹೆಸರು ಹೇಳುವುದಿಲ್ಲ. ಕಡ್ಡಿಗೆ ಒಂದು ಸಲ ದಾರ ಸುತ್ತಿಕೊಂಡು ಹಾಕುವುದು ಕಂಬ, ಸುತ್ತದೆ ಹಾಕುವುದು ಗಿಡ್ಡ ಕಂಬ. ಮುಗಿಯಿತು.

ಕಲಿಯುವವರು ಸ್ವೆಟರಿಗೆ ಕೈ ಹಾಕಬೇಡಿ. ಟೊಪ್ಪಿಯಿಂದ ಶುರು ಮಾಡಿ. 50 ಗ್ರಾಮಿನ ಒಂದು ಉಂಡೆ ಧಾರಾಳ. ನೆತ್ತಿಯಿಂದ ಕೆಳಗೆ ಬನ್ನಿ. ಮೊದಲ ಸುತ್ತಿಗೆ 12 ಕಂಬ, ಆಮೇಲೆ 24, 36, ಹೀಗೆ ಸುತ್ತಿಗೆ ಹನ್ನೆರಡು ಜಾಸ್ತಿ ಮಾಡುತ್ತಾ ಹೋಗಿ. ಹಸಿ ಹಪ್ಪಳದ ಹಾಗೆ ಚಪ್ಪಟೆ ಕೂತರೆ ಸರಿ. ಕರಿದ ಹಪ್ಪಳದ ಹಾಗೆ ಅಂಚು ಅಲೆಅಲೆಯಾದರೆ ಕಂಬ ಜಾಸ್ತಿಯಾಗಿದೆ. ಬಟ್ಟಲಿನ ಹಾಗೆ ಗುಳಿಬಿದ್ದರೆ ಕಡಿಮೆಯಾಗಿದೆ. ಅಂಗೈಯಷ್ಟಗಲ ಆದ ಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ, ನೇರ ಕೆಳಗಿಳಿಯಿರಿ.

ಅಳತೆಗೆ ಮಗು ಇನ್ನೂ ಹುಟ್ಟಿಲ್ಲ ಅನ್ನುತ್ತೀರಿ. ಅಡುಗೆಮನೆಗೆ ಹೋಗಿ ಒಂದು ಸುಲಿದ ತೆಂಗಿನಕಾಯಿ ತನ್ನಿ, ಸ್ವಲ್ಪ ದೊಡ್ಡದೇ ಇರಲಿ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಒಳ್ಳೆ ಕಾಯಿಯೂ ಅಷ್ಟೇ ಇರುತ್ತದೆ. ಕಾಯಿಗೆ ಟೊಪ್ಪಿ ಹಾಕಿ ಒಂದು ಬೆರಳು ತೂರುವಷ್ಟು ಸಡಿಲ ಇದ್ದರೆ ಸಾಕು. ಇದನ್ನು ಕೇಳಿ ನಗುತ್ತಾರೆ, ನಗಲಿ. ಒಂದು ವರ್ಷಕ್ಕೆ ತಲೆ 45, 46 ಸೆಂಟಿಮೀಟರ್ ಆಗುತ್ತದೆ. ಹಾಗಾಗಿ ಹುಟ್ಟುವ ಮಗುವಿಗೆ ಅಂತ ನಾಲ್ಕು ಟೊಪ್ಪಿ ಹಾಕಿಡಬೇಡಿ, ಒಂದು ಸಾಕು. ಉಳಿದದ್ದು ಆರು ತಿಂಗಳಿನ ಅಳತೆಗೆ ಹಾಕಿ. ಕಾಲುಚೀಲದ ಪಾದ ನನ್ನ ನಡುಬೆರಳಿನ ಉದ್ದ.

ಈಗ ಆ ಕತೆ. ನನ್ನ ದೊಡ್ಡ ಮಗನಿಗೆ ಆಗ ಎರಡು ತಿಂಗಳು. ಹೊರಗೆ ಜಡಿಮಳೆ, ಕರೆಂಟಿಲ್ಲ. ರಾತ್ರಿ ಹತ್ತಕ್ಕೆ ಶುರುವಾದ ಅಳು ನಿಲ್ಲಲೇ ಇಲ್ಲ. ಹಾಲು ಕುಡಿಯಲಿಲ್ಲ, ತೊಟ್ಟಿಲು ತೂಗಿದರೆ ಇನ್ನೂ ಜೋರು. ಅತ್ತೆಯವರು ಹೊಟ್ಟೆನೋವು ಅಂದರು, ವೀಳ್ಯದೆಲೆಗೆ ಎಣ್ಣೆ ಸವರಿ ಬಿಸಿ ಮಾಡಿ ಹೊಟ್ಟೆಗಿಟ್ಟರು. ಪಕ್ಕದ ಮನೆಯವರು ದೃಷ್ಟಿ ಅಂದರು. ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಬೆಳಗಿನ ಜಾವ ಅಮ್ಮ ಎದ್ದು ಬಂದು, "ಮೊದಲು ಮಗುವಿನ ಬಟ್ಟೆ ಎಲ್ಲ ಬಿಚ್ಚೇ" ಅಂದರು. ಎಡಗಾಲಿನ ಚೀಲ ಎಳೆದರೆ ಬರಲಿಲ್ಲ. ಲಾಟೀನು ಹತ್ತಿರ ಹಿಡಿದು ನೋಡಿದರೆ, ಒಳಗಿನ ಒಂದು ದಾರದ ತುದಿ ಕಿರುಬೆರಳಿನ ಪಕ್ಕದ ಬೆರಳಿಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣ. ಅಮ್ಮ ಕಸೂತಿ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದರು. ಬೆಳಗಾಗುತ್ತಲೇ ಡಾಕ್ಟರ ಹತ್ತಿರ ಓಡಿದೆವು. ಬೆರಳು ಉಳಿಯಿತು.

ಆ ಕಾಲುಚೀಲ ಹೆಣೆದವಳು ನಾನೇ. ನೀಲಿ ಬಣ್ಣದ್ದು, ಹೊರಗಿನಿಂದ ಬಹಳ ಚಂದ ಇತ್ತು.

ಅಂದಿನಿಂದ ದಾರದ ತುದಿ ಅಡಗಿಸುವುದರಲ್ಲಿ ನನ್ನದು ಹಟ. ಟೊಪ್ಪಿ ಹೆಣೆಯಲು ಒಂದು ಮಧ್ಯಾಹ್ನ ಸಾಕಾದರೆ, ತುದಿಗಳಿಗೆ ಇನ್ನೊಂದು ಮಧ್ಯಾಹ್ನ ಕೊಡುತ್ತೇನೆ. ಹೇಗೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದಿ.

ಶುರುವಿನಲ್ಲಿ, ಕೊನೆಯಲ್ಲಿ ಒಂದೊಂದು ಗೇಣು ದಾರ ಬಿಡಿ. ಈಗಿನವರು ಎರಡು ಬೆರಳು ಬಿಡುತ್ತಾರೆ, ಚಿನ್ನದ ಸರಿಗೆಯೋ ಅನ್ನುವ ಹಾಗೆ. ಅಷ್ಟರಲ್ಲಿ ಸೂಜಿಯೂ ತಿರುಗುವುದಿಲ್ಲ. ಮಧ್ಯದಲ್ಲಿ ದಾರ ಮುಗಿದರೆ ಗಂಟು ಹಾಕಬೇಡಿ. ಕಂಬದ ಕೊನೆಯ ಎಳೆತಕ್ಕೆ ಹೊಸ ದಾರ ಎಳೆದುಕೊಂಡು ಮುಂದುವರಿಯಿರಿ, ಎರಡೂ ತುದಿ ಗೇಣುದ್ದ ಹಿಂದೆ ಬಿದ್ದಿರಲಿ. ಉಂಡೆಯೊಳಗೆ ಕಂಪನಿಯವರೇ ಹಾಕಿದ ಗಂಟು ಸಿಕ್ಕರೆ ಅದನ್ನೂ ಕತ್ತರಿಸಿ ಹೀಗೇ ಮಾಡಿ. ವಿಡಿಯೋದಲ್ಲಿ ತುದಿಯನ್ನು ಅಂಚಿನ ಮೇಲೆ ಮಲಗಿಸಿ ಅದರ ಮೇಲೇ ಹೆಣೆದುಕೊಂಡು ಹೋಗುತ್ತಾರೆ. ಮೇಜಿನ ಬಟ್ಟೆಗೆ ಪರವಾಗಿಲ್ಲ. ಮಗುವಿನ ಬಟ್ಟೆ ದಿನಾ ಒಗೆತಕ್ಕೆ ಬೀಳುತ್ತದೆ, ಹತ್ತು ಒಗೆತಕ್ಕೆ ಆ ತುದಿ ಎರೆಹುಳದ ಹಾಗೆ ತಲೆ ಹೊರಗೆ ಹಾಕುತ್ತದೆ.

ಮೊಂಡು ಮೂತಿಯ ಉಲ್ಲನ್ ಸೂಜಿ ಬೇಕು. ಚೂಪು ಸೂಜಿ ದಾರವನ್ನು ಸೀಳುತ್ತದೆ. ಪೋಣಿಸುವಾಗ ಎಂಜಲು ಹಚ್ಚಬೇಡಿ. ದಾರವನ್ನು ಸೂಜಿಯ ಮೇಲೆ ಮಡಚಿ, ಬಿಗಿಯಾಗಿ ಚಿವುಟಿ ಹಿಡಿದು, ಆ ಮಡಿಕೆಯನ್ನು ಕಣ್ಣಿಗೆ ತುರುಕಿ. ಈಗ ಬಟ್ಟೆಯ ಒಳಮಗ್ಗುಲು ಮೇಲೆ ಮಾಡಿ, ಕಂಬಗಳ ಬುಡದೊಳಗೆ ಸೂಜಿ ತೂರಿಸುತ್ತಾ ನಾಲ್ಕು ಬೆರಳಗಲ ಹೋಗಿ. ಕಂಬದ ಮೇಲೆ ಅಲ್ಲ, ಒಳಗೆ. ಅಲ್ಲಿ ಒಂದು ಎಳೆ ಬಿಟ್ಟು ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಆ ಒಂದು ಎಳೆ ಬಿಡುವುದನ್ನು ಮರೆತರೆ ಹೋದದ್ದೆಲ್ಲ ಹಾಗೇ ಬಿಚ್ಚಿಕೊಂಡು ಬರುತ್ತದೆ. ಬಂದ ಮೇಲೆ ಬಟ್ಟೆಯನ್ನು ಎರಡೂ ಕಡೆಗೆ ಚೆನ್ನಾಗಿ ಎಳೆಯಿರಿ. ಸುಕ್ಕು ಬಿದ್ದರೆ ದಾರ ಬಿಗಿಯಾಯಿತು, ಸಡಿಲ ಬಿಡಿ. ಆಮೇಲೆ ಮೂರನೆಯ ಸಲ ಅಡ್ಡಡ್ಡ ಅಲ್ಲ, ಮೇಲಿನ ಸಾಲಿಗೆ ಹತ್ತಿ ಎರಡು ಬೆರಳು ಹೋಗಿ.

ಇಲ್ಲಿಗೆ ಎಲ್ಲರೂ ಕತ್ತರಿ ಹುಡುಕುತ್ತಾರೆ. ನಿಲ್ಲಿ. ಉಳಿದ ದಾರವನ್ನು ಉಲ್ಟಾ ತಿರುಚಿ, ಎಳೆ ಬಿಡಿಸಿ. ನಾಲ್ಕು ಎಳೆಯ ದಾರವಾದರೆ ಎರಡು ಎಡಕ್ಕೆ, ಎರಡು ಬಲಕ್ಕೆ ಬೇರೆ ಬೇರೆ ಹೊಲಿದುಬಿಡಿ. ದಪ್ಪ ತುದಿ ಅನ್ನುವುದೇ ಉಳಿಯುವುದಿಲ್ಲ. ಹತ್ತಿ ದಾರ ಜಾರುತ್ತದೆ, ಅದಕ್ಕೆ ಇನ್ನೊಂದು ಸುತ್ತು ಜಾಸ್ತಿ. ಈಗಲೂ ಕತ್ತರಿಸಬೇಡಿ! ಉಗುರುಬೆಚ್ಚಗಿನ ನೀರಲ್ಲಿ ಒಮ್ಮೆ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ. ತಂತಿಗೆ ನೇತುಹಾಕಿದರೆ ಒದ್ದೆ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ. ಒಣಗಿದ ಮೇಲೆ ಮತ್ತೆ ನಾಲ್ಕೂ ಕಡೆ ಎಳೆದು, ಅಕ್ಕಿ ಕಾಳಿನಷ್ಟು ಬಿಟ್ಟು ಕತ್ತರಿಸಿ. ಇನ್ನೊಂದು ಸಲ ಎಳೆದರೆ ಆ ಕಾಳೂ ಒಳಗೆ ಹೋಗುತ್ತದೆ.

ಕೊನೆಗೆ ಪರೀಕ್ಷೆ. ಬೆರಳಿಂದ ಮುಟ್ಟಿ ನೋಡಬೇಡಿ, ಪಾತ್ರೆ ತಿಕ್ಕಿದ ಬೆರಳಿಗೆ ಏನು ತಿಳಿಯುತ್ತದೆ? ಕಣ್ಣು ಮುಚ್ಚಿ, ಒಳಮಗ್ಗುಲನ್ನು ಕೆಳದುಟಿಯ ಮೇಲೆ ಸವರಿ. ಎಲ್ಲಿ ಚುಚ್ಚಿತೋ ಅಲ್ಲಿ ಮತ್ತೆ ಸೂಜಿ. ಕಾಲುಚೀಲವಾದರೆ ಒಳಗೆ ಎರಡು ಬೆರಳು ಹಾಕಿ ತಿರುಗಿಸಿ ಹೊರಗೆ ತೆಗೆಯಿರಿ, ಎಲ್ಲೂ ಸಿಕ್ಕಿಹಾಕಿಕೊಳ್ಳಬಾರದು.

ಶಾಲಿನ ಜಾಲರಿಗೂ ಇದೇ ಮಾತು. ತೂತಿನಲ್ಲಿ ಪೆನ್ಸಿಲ್ ತೂರಿದರೆ ಮಗುವಿನ ಬೆರಳೂ ತೂರುತ್ತದೆ. ಒತ್ತಾಗಿ ಹಾಕಿ. ಕುತ್ತಿಗೆಗೆ ಕಟ್ಟುವ ಉದ್ದ ಲಾಡಿ, ಅದರ ತುದಿಗೆ ಗೊಂಡೆ, ಮುಂದೆ ಮುತ್ತಿನ ಗುಂಡಿ, ಇವೆಲ್ಲ ಬೇಡ. ನಮ್ಮ ಕಾಲದ ಕುಲಾವಿಗೆ ಲಾಡಿ ಇರುತ್ತಿತ್ತು, ಹೌದು, ಆದರೆ ಆಗ ಮಗುವನ್ನು ಕ್ಷಣವೂ ಬಿಡದೆ ನೋಡಲು ಮನೆಯಲ್ಲಿ ಹತ್ತು ಜನ ಇದ್ದರು. ಮಲಗಿಸುವಾಗ ಟೊಪ್ಪಿ ತೆಗೆಯಿರಿ. ತಲೆ ಮುಚ್ಚಿಟ್ಟರೆ ಮಗುವಿಗೆ ಸೆಕೆ ಏರುತ್ತದೆ, ಜಾರಿ ಮುಖದ ಮೇಲೂ ಬರುತ್ತದೆ. ನಮ್ಮತ್ತೆ ಇದನ್ನು ಒಪ್ಪುತ್ತಲೇ ಇರಲಿಲ್ಲ. ಅವರು ಮಲಗಿದ ಮೇಲೆ ನಾನು ಮೆಲ್ಲಗೆ ತೆಗೆಯುತ್ತಿದ್ದೆ.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಮಗುವಿನ ಬಟ್ಟೆ ಎತ್ತಿಡುವಾಗ ನುಸಿಗುಳಿಗೆ ಹಾಕುವವರಿಗೆ ಬುದ್ಧಿ ಯಾವಾಗ ಬರುತ್ತದೋ. ಕೆಲವು ಮಕ್ಕಳ ರಕ್ತಕ್ಕೆ ಅದು ವಿಷ, ಕಾಮಾಲೆ ಏರುತ್ತದೆ. ಅಟ್ಟದ ಪೆಟ್ಟಿಗೆಯಿಂದ ತೆಗೆದ ಲಂಗೋಟಿಯನ್ನು ಮೂಸಿ ನೋಡಿ, ವಾಸನೆ ಇದ್ದರೆ ಒಗೆದು ಎರಡು ದಿನ ಬಿಸಿಲಿಗೆ ಹಾಕಿದ ಹೊರತು ಮಗುವಿನ ಹತ್ತಿರ ತರಬೇಡಿ. ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿಟ್ಟರೆ ಸಾಲದೇ? ಲಂಗೋಟಿಯಲ್ಲಿ ಸೋಪು ಉಳಿಸುವುದೂ ಹಾಗೇ. ಕೊನೆಯ ನೀರು ಕುಡಿಯುವ ನೀರಿನ ಹಾಗೆ ಇರುವವರೆಗೆ ಜಾಲಿಸಬೇಕು. ಅದಿರಲಿ.

ಆಕ್ರಿಲಿಕ್ಕಿಗೆ ಇಸ್ತ್ರಿ ಮುಟ್ಟಿಸಬೇಡಿ, ಬಾಡಿದ ಸೊಪ್ಪಾಗುತ್ತದೆ. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಬೇಡಿ, ಕುಗ್ಗಿ ಕಂಬಳಿಯಾಗುತ್ತದೆ.

ಆ ತಿಳಿಹಳದಿ ಟೊಪ್ಪಿಯ ಹುಡುಗಿ ಹೋದ ಭಾನುವಾರ ಮನೆಗೆ ಬಂದಳು, ತಾನಾಗಿಯೇ. ಚೀಲದಿಂದ ಟೊಪ್ಪಿ ತೆಗೆದು, ನಾನು ಕೇಳುವ ಮೊದಲೇ ಒಳಮಗ್ಗುಲು ತಿರುಗಿಸಿ ಕೊಟ್ಟಳು. ಗಂಟು ಏಳರಲ್ಲಿ ಐದು ಹೋಗಿದ್ದವು. ಉಳಿದ ಎರಡಕ್ಕೆ ಇಬ್ಬರೂ ಜಗಲಿಯಲ್ಲಿ ಕೂತು ಸೂಜಿ ಹಿಡಿದೆವು. ಕಾಫಿ ಎರಡು ಸಲ ಆಯಿತು. ಹೂವು ಇರಲಿ ಅಜ್ಜಿ ಅಂದಳು, ಇರಲಿ ಅಂದೆ. ಅದರ ಬುಡವನ್ನು ಸುತ್ತ ಹೊಲಿದು ಗಟ್ಟಿ ಮಾಡಿದೆವು. ಕಾಯಿಗೆ ಹಾಕಿ ನೋಡಿದರೆ ಸರಿಯಾಗಿ ಕೂತಿತು. ಅಷ್ಟು ಹೊತ್ತಿಗೆ ಒಳಗಿನಿಂದ ಸೊಸೆ, ಚಟ್ನಿಗೆ ಇಟ್ಟಿದ್ದ ಕಾಯಿ ಎಲ್ಲಿ ಅಂತ ಕೂಗಿದಳು. ಟೊಪ್ಪಿ ತೆಗೆದು ಕಾಯಿ ಕೊಟ್ಟೆ.